ಕೊಂದವನಿಗೂ ಸೂತಕ

ಬಾಗಲಕೋಟೆ

ವಿಲಾಯತಿಗೆ ಹೊರಟವಳಿಗೆ ಬಾಗಲಕೋಟೆಯ ಜನ ಕೊಟ್ಟ ಉಪದೇಶವನ್ನೆಲ್ಲ ಕಟ್ಟಿಕೊಂಡಿದ್ದರೆ ನನ್ನ ಟ್ರಂಕಿನಲ್ಲಿ ಸೀರೆಗೆ ಜಾಗ ಉಳಿಯುತ್ತಿರಲಿಲ್ಲ. ಅಲ್ಲಿ ಚಳಿಗೆ ಮೂಗು ಉದುರುತ್ತದೆ ಎಂದರು ಒಬ್ಬರು. ಅಲ್ಲಿಯವರು ಸ್ನಾನವನ್ನೇ ಮಾಡುವುದಿಲ್ಲ, ಹತ್ತಿರ ಕೂಡಬೇಡಿ ಎಂದರು ಇನ್ನೊಬ್ಬರು. ಓಣಿಯ ವಕೀಲರ ಹೆಂಡತಿ ಒಂದು ಡಬ್ಬಿ ಶೇಂಗಾ ಹಿಂಡಿ, ನಮ್ಮ ಖಾರದ ಚಟ್ನಿಪುಡಿ, ತಂದು ಕೈಗಿತ್ತು, "ಕಮಲಾಬಾಯಿ, ಅಲ್ಲೆ ಏನ ಕೊಟ್ರೂ ಇದನ್ನ ಹಚ್ಚಿಕೊಂಡು ತಿನ್ರಿ, ದೋಷ ಹತ್ತೂದಿಲ್ಲ" ಎಂದರು. ಮದುವೆಯಾಗದ ಹೆಂಗಸು ಜೈಲಿಗೆ ಹೋಗಿಬರುವ ನೌಕರಿ ಮಾಡುವುದನ್ನೇ ಇನ್ನೂ ಅರಗಿಸಿಕೊಳ್ಳದವರು ಅವರು. ಈಗ ಅದೇ ಜೈಲು ನೋಡಲು ಸಮುದ್ರ ದಾಟುತ್ತಾಳೆಂದರೆ ಏನು ಮಾಡಿಯಾರು, ಪಾಪ.

ನನ್ನ ನೌಕರಿ ಏನೆಂದು ಹೇಳಿಬಿಡುತ್ತೇನೆ. ಆಗ ನಮ್ಮದಿನ್ನೂ ಮುಂಬೈ ಸರ್ಕಾರ. ಹೊಡೆದಾಟ, ಕೊಲೆ ಮಾಡಿ ಜೈಲು ಸೇರಿದವರಲ್ಲಿ ಯಾರನ್ನು ಅವಧಿಗೆ ಮೊದಲೇ ಬಿಡಬಹುದು ಎಂದು ಅವರ ಊರಿಗೆ ಹೋಗಿ, ಬಂಧುಬಳಗವನ್ನು ವಿಚಾರಿಸಿ, ಅಭಿಪ್ರಾಯ ಹೇಳುವುದು ನನ್ನ ಕೆಲಸ. ಬಾದಾಮಿ, ಹುನಗುಂದ, ಇಳಕಲ್ಲು ಎಲ್ಲ ನನ್ನ ತಿರುಗಾಟದೊಳಗೆ ಬರುತ್ತಿದ್ದವು. ಇಂಗ್ಲೆಂಡಿನ ಜೈಲುಗಳಲ್ಲಿ ಇಂಥವರ ಮನಸ್ಸನ್ನು ಹೇಗೆ ತಿದ್ದುತ್ತಾರೆ, ಕೆಲವು ತಿಂಗಳು ಇದ್ದು ನೋಡಿಕೊಂಡು ಬಾ ಎಂದು ಸರ್ಕಾರ ನನ್ನನ್ನು ಕಳಿಸಿತ್ತು.

ರೈಲು ಹೊರಡುವ ಹೊತ್ತಿಗೆ ಗುಡೂರಿನ ಗಂಗವ್ವ ಏದುಸಿರು ಬಿಡುತ್ತ ಸ್ಟೇಷನ್ನಿಗೆ ಬಂದಳು. ಅವಳ ಗಂಡ ಭೀಮಪ್ಪನನ್ನು ಹೊಲದ ಬದುವಿನ ಜಗಳದಲ್ಲಿ ಕೊಡಲಿಯಿಂದ ಕಡಿದು ಕೊಂದವನು ಬೇರೆ ಯಾರೂ ಅಲ್ಲ, ಭೀಮಪ್ಪನ ಒಡಹುಟ್ಟಿದ ಅಣ್ಣ ಹನಮಪ್ಪ. ನಡುಮಧ್ಯಾಹ್ನ ಹೊಲದಲ್ಲಿ ಇವರಿಬ್ಬರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ವಕೀಲರು ಕಲಿಸಿಕೊಟ್ಟಂತೆ ಹನಮಪ್ಪ ಕೋರ್ಟಿನಲ್ಲಿ "ನಾ ಆವತ್ತು ಹೊಲಕ್ಕ ಹೋಗೇ ಇಲ್ಲ" ಎಂದ. ಕೋರ್ಟು ನಂಬದೆ ಜನ್ಮಠೇಪ, ಅಂದರೆ ಜೀವಾವಧಿ ಶಿಕ್ಷೆ, ವಿಧಿಸಿತು. ಈಗ ಅವನ ಬಿಡುಗಡೆಯ ವಿಚಾರ ಬಂದಿತ್ತು. ಸತ್ತವನ ಮನೆಯವರು ಒಪ್ಪದಿದ್ದರೆ ಅವನು ಊರು ಸೇರುವಂತಿರಲಿಲ್ಲ. ಮನೆಯವರೆಂದರೆ ಗಂಗವ್ವ ಒಬ್ಬಳೇ.

"ಬಾಯಾರ," ಎಂದಳು ಕಿಟಕಿಯ ಸರಳು ಹಿಡಿದು, "ನಾ ಹೂಂ ಅಂದ್ರ ಅವ್ರು ಬರ್ತಾರ, ಉಹೂಂ ಅಂದ್ರ ಅಲ್ಲೇ ಕೊಳೀತಾರ. ಎರಡೂ ಪಾಪ ನನ್ನ ತಲಿ ಮ್ಯಾಲ. ನೀವು ಆ ದೇಶಾ ನೋಡಿಬರ್ರಿ. ಕೊಂದಾವ್ರು ಖರೇನ ಮನಶ್ಯಾರ ಆಗ್ತಾರೇನು, ಕಣ್ಣಾರೆ ನೋಡಿಬಂದು ನನಗ ಹೇಳ್ರಿ. ನೀವು ಹೇಳಿದ ಮ್ಯಾಲ ನಾ ಹೆಬ್ಬಟ್ಟ ಒತ್ತತೇನಿ."

ಸರ್ಕಾರ ನನ್ನಿಂದ ಬಯಸಿದ್ದು ಒಂದು ವರದಿ. ಇವಳು ಬಯಸಿದ್ದು ಅದಕ್ಕಿಂತ ಬಹಳ ದೊಡ್ಡದು. ರೈಲು ಹೊರಟಿತು. ನಾನು ಆಗಲಿ ಎಂದೆನೋ ತಲೆಯಾಡಿಸಿದೆನೋ ನೆನಪಿಲ್ಲ.

ಬಂದರು

ಹಡಗಿನ ವಿಷಯ ಬರೆಯಲು ನನ್ನಲ್ಲಿ ಹೆಚ್ಚಿಗೆ ಏನೂ ಇಲ್ಲ, ಏಕೆಂದರೆ ಹೆಚ್ಚಿನ ಹೊತ್ತು ನಾನು ಒಂದು ಬಕೆಟ್ಟನ್ನು ನೋಡುತ್ತ ಕಳೆದೆ. ಏಡನ್ ಬಂದಾಗ ಎದ್ದು ಕೂತೆ. ಬೋಳುಗುಡ್ಡ, ಕೆಂಡದಂಥ ಬಿಸಿಲು. ಬಾದಾಮಿಯಲ್ಲಿರುವ ನನ್ನ ತಂಗಿಯ ಮನೆಯ ಹಿತ್ತಲಲ್ಲಿ ನಿಂತಂತಾಗಿ ಅಳು ಬಂತು. ಅದನ್ನು ಕಂಡು ಪಕ್ಕದ ಕುರ್ಚಿಯ ಇಂಗ್ಲಿಷ್ ಹೆಂಗಸು ಗಡಬಡಿಸಿ ಎದ್ದು ಬೇರೆ ಕಡೆ ಹೋಗಿ ಕೂತಳು. ಸಿಟ್ಟಿನಿಂದಲ್ಲ, ಮರ್ಯಾದೆಗಾಗಿ. ಬಚ್ಚಲಲ್ಲಿದ್ದವರನ್ನು ಅರಿಯದೆ ನೋಡಿಬಿಟ್ಟವರು ಹಿಂದೆ ಸರಿಯುವಂತೆ ಸರಿದಳು. ಆ ದೇಶದ ರೀತಿ ನನಗೆ ಮೊದಲು ತಿಳಿದದ್ದು ಅಲ್ಲಿ.

ಇಂಗ್ಲೆಂಡಿನ ಬಂದರಿನಲ್ಲಿ ಸುಂಕದ ಅಧಿಕಾರಿ ಶೇಂಗಾ ಹಿಂಡಿಯ ಡಬ್ಬಿ ತೆರೆದು, ಇದು ಯಾವ ಸ್ಫೋಟಕವೋ ಎಂದು ಮೂಗಿನ ಹತ್ತಿರ ಹಿಡಿದ. ಆಮೇಲೆ ಪಾಪ, ಖಾರದ ಘಾಟಿಗೆ ನೀರೊಡೆದು, ನನ್ನ ಬೇರೆ ಸಾಮಾನು ನೋಡುವಷ್ಟು ಕಣ್ಣು ಅವನಿಗೆ ಕಾಣಲಿಲ್ಲ. "ಮುಂದೆ ಹೋಗಿ ಮೇಡಂ" ಎಂದ, ಕರವಸ್ತ್ರದೊಳಗಿಂದ.

ಗುಡ್ಡದ ಮೇಲಿನ ಊರು

ನಾನು ಇದ್ದದ್ದು ಆ ದೇಶದ ಉತ್ತರದಲ್ಲಿ, ಕುರಿ ಮತ್ತು ಗಾಳಿ ಬಿಟ್ಟರೆ ಬೇರೇನೂ ಬೆಳೆಯದ ಗುಡ್ಡದ ಮೇಲಿನ ಒಂದು ಊರಿನಲ್ಲಿ. ಜೈಲಿನ ಗೋಡೆಗೆ ಕಪ್ಪು ಕಲ್ಲು. ಮೊದಲ ದಿನವೇ ಅಂಗಳದ ಗಾಳಿ ನನ್ನ ಇಳಕಲ್ ಸೀರೆಯ ಸೆರಗನ್ನು ಎತ್ತಿ ಒಬ್ಬ ವಾರ್ಡರನ ಮುಖಕ್ಕೆ ಸುತ್ತಿತು. ಅಂಚೆಚೀಲ ಹೊಲಿಯುತ್ತಿದ್ದ ಕೈದಿಗಳಲ್ಲಿ ಒಬ್ಬನೂ ನಗಲಿಲ್ಲ. ನಮ್ಮ ಜೈಲಿನಲ್ಲಾಗಿದ್ದರೆ ವಾರಗಟ್ಟಲೆ ಅದೇ ಮಾತು ನಡೆಯುತ್ತಿತ್ತು.

ಜೈಲಿನ ಸಾಹೇಬರು ಒಳ್ಳೆಯ ಮನುಷ್ಯ. ಯುದ್ಧದಲ್ಲಿ ಶತ್ರುಗಳ ಸೆರೆಯಲ್ಲಿದ್ದು ಬಂದವರಂತೆ. ಕೈದಿಗಳ ಮೇಲೆ ಎಂದೂ ದನಿ ಏರಿಸುತ್ತಿರಲಿಲ್ಲ. "ಇಲ್ಲಿ ಯಾರೂ ಕೂಗುವುದಿಲ್ಲ. ಸಿಟ್ಟು ಬರುವ ಮೊದಲೇ ಅದನ್ನು ಗುರುತಿಸಿ ತಣ್ಣಗಾಗುವುದನ್ನು ಕಲಿಸುತ್ತೇವೆ" ಎಂದು ಹೆಮ್ಮೆಯಿಂದ ಹೇಳಿದರು. ನಿಜವೇ. ನಮ್ಮ ಜೈಲಿನಲ್ಲಿ ನಾನು ಹೋದರೆ ಸಾಕು, ಕೊಲೆ ಮಾಡಿದವರು ಬಾಯಿ ಬಡಿದುಕೊಂಡು ಕಾಲಿಗೆ ಬೀಳುತ್ತಾರೆ. ಯಾರದು ನಿಜವಾದ ಅಳು, ಯಾರದು ಬಿಡುಗಡೆಯ ಅಳು ಎಂದು ಬೇರ್ಪಡಿಸುವುದರಲ್ಲಿ ತಲೆ ಕೆಟ್ಟು ಹೋಗುತ್ತದೆ. ಇಲ್ಲಿಯ ಮೌನ ಮೊದಮೊದಲು ನನಗೆ ಬಹಳ ಹಿಡಿಸಿತು.

ಆದರೆ ಆ ಮೌನ ಜೈಲಿನೊಳಗಷ್ಟೇ ಇರಲಿಲ್ಲ. ನಾನು ಬಾಡಿಗೆಗಿದ್ದ ಮನೆಯೊಡತಿ ದಿನವೂ ನಗುಮುಖದಿಂದ ಚಹಾ ಕೊಟ್ಟು ಮಳೆಯ ವಿಷಯ ಮಾತಾಡುತ್ತಿದ್ದಳು. ಅವಳ ಗಂಡ ತೀರಿ ಇನ್ನೂ ತಿಂಗಳು ತುಂಬಿರಲಿಲ್ಲ ಎಂದು ನನಗೆ ತಿಳಿದದ್ದು ಬೇಕರಿಯವನಿಂದ. ಪಕ್ಕದ ಮನೆಯವರು ಅವಳನ್ನು ಕಂಡರೆ ಟೋಪಿ ಮುಟ್ಟಿ ಮುಂದೆ ಹೋಗುತ್ತಿದ್ದರು. ಅವಳ ದುಃಖವನ್ನು ಕೆಣಕಬಾರದೆಂಬ ಸಭ್ಯತೆ.

ನಮ್ಮಲ್ಲಿ ಸಾವಾದ ಮನೆಗೆ ಹೋಗುವುದಕ್ಕೆ 'ಮಾತಾಡಿಸಿ ಬರುವುದು' ಎನ್ನುತ್ತಾರೆ. ಹೋಗದಿದ್ದರೆ ಜನ್ಮಜನ್ಮಾಂತರಕ್ಕೂ ಆ ಸಿಟ್ಟು ಆರುವುದಿಲ್ಲ. ಹೋದವರು ನಮಸ್ಕಾರ ಎನ್ನುವಂತಿಲ್ಲ. ಸುಮ್ಮನೆ ಕೂತು, "ಹೆಂಗಾತವ್ವಾ?" ಎಂದು ಕೇಳಬೇಕು. ಮನೆಯವರು ಮೊದಲಿನಿಂದ ಕೊನೆಯ ಉಸಿರಿನವರೆಗೆ ಹೇಳುತ್ತಾರೆ, ನಡುವೆ ಹಾಡಿಕೊಂಡು ಅಳುತ್ತಾರೆ. ಇನ್ನೊಬ್ಬರು ಬಂದರೆ ಮತ್ತೆ ಮೊದಲಿನಿಂದ ಶುರು. ಕೇಳುವವರ ಕಾಟ ಎಂದು ಚಿಕ್ಕಂದಿನಲ್ಲಿ ನಾನೂ ಬೈದಿದ್ದೇನೆ. ಆದರೆ ಹೇಳಿ ಹೇಳಿಯೇ ದುಃಖ ಹೊರಲು ಬರುವಷ್ಟಾಗುತ್ತದೆ. ಬೇಕರಿಯವನು ಹೇಳಿದ ಸಂಜೆಯೇ ಮನೆಯೊಡತಿಯ ಅಡುಗೆಮನೆಯಲ್ಲಿ ಕೂತು ನಾನು ಕೇಳಿಯೇಬಿಟ್ಟೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಚಹಾದ ಕಪ್ಪು ತೊಳೆಯುತ್ತ ಹೋದಳು. ಮರುದಿನ ಚಹಾ ಮಾತ್ರ ಬಂತು, ಮಳೆಯ ಮಾತು ಬರಲಿಲ್ಲ.

ಬುಧವಾರದ ಕೂಟ

ಸಾಹೇಬರು ಒಂದು ಹೊಸ ಪ್ರಯೋಗ ಮಾಡುತ್ತಿದ್ದರು. ಬುಧವಾರ ಮಧ್ಯಾಹ್ನ ಕೆಲವು ಕೈದಿಗಳನ್ನು ಕುರ್ಚಿ ಹಾಕಿ ದುಂಡಗೆ ಕೂಡಿಸಿ, ತಾವು ಮಾಡಿದ ಅಪರಾಧವನ್ನು ಅವರವರ ಬಾಯಿಂದಲೇ ಹೇಳಿಸುವುದು. ಅಲ್ಲಿ ಆರ್ಥರ್ ಎಂಬವನಿದ್ದ. ಕಲ್ಲುಗಣಿಯ ಕೆಲಸದವನು, ಅಗಲ ಭುಜ. ಕುಡಿದ ಅಮಲಿನ ಜಗಳದಲ್ಲಿ ಗುದ್ದಲಿಯ ಹಿಡಿಕೆಯಿಂದ ತನ್ನ ತಮ್ಮನನ್ನು ಹೊಡೆದಿದ್ದ. ಕೊಲ್ಲುವ ಉದ್ದೇಶವಿರಲಿಲ್ಲವೆಂದು ನೇಣು ತಪ್ಪಿತ್ತು. ಅವನೂ ಬಿಡುಗಡೆಯ ವಿಚಾರಣೆಯ ಹೊಸ್ತಿಲಲ್ಲಿದ್ದ. ಅಣ್ಣ ತಮ್ಮನನ್ನು ಕೊಂದ ಕಥೆ ಎಂದು ಕೇಳಿದಾಗಲೇ ನನಗೆ ಗುಡೂರು ನೆನಪಾಗಿ, ಈ ಒಬ್ಬನನ್ನು ಸರಿಯಾಗಿ ನೋಡಿಕೊಂಡು ಹೋದರೆ ಸಾಕು ಎಂದುಕೊಂಡಿದ್ದೆ.

ಆರ್ಥರ್ ಹೇಳಿದ. ಎಷ್ಟು ಗ್ಲಾಸು ಕುಡಿದಿದ್ದ, ಮೃತನು ಎಲ್ಲಿ ನಿಂತಿದ್ದ, ಪೆಟ್ಟು ಎಲ್ಲಿಗೆ ಬಿತ್ತು. ತನ್ನ ಕೃತ್ಯಕ್ಕೆ ಪಶ್ಚಾತ್ತಾಪವಾಗಿದೆ ಎಂದೂ ಹೇಳಿದ. ತಮ್ಮ ಎನ್ನಲಿಲ್ಲ, ಉದ್ದಕ್ಕೂ 'ಮೃತನು' ಎಂದೇ ಹೇಳಿದ. ಸಾಹೇಬರು ಚೆನ್ನಾಗಿ ಹೇಳಿದೆ ಎಂದು ತಲೆಯಾಡಿಸಿದರು.

ನಾನು ಯಾಕೆ ಎದ್ದೆನೋ ತಿಳಿಯದು. ಯೋಚಿಸಿ ಮಾಡಿದ್ದಲ್ಲ. ಸತ್ತವನ ಅಣ್ಣ ಎದುರಿಗೆ ಕೂತಿದ್ದಾನೆ, ನಾವೆಲ್ಲ ಸುತ್ತ ಕೂತಿದ್ದೇವೆ, ಯಾರೂ ಮಾತಾಡಿಸುತ್ತಿಲ್ಲ. ನಮ್ಮ ಕಡೆಯ ಹೆಂಗಸಿಗೆ ಇದು ತಡೆಯುವಂಥದಲ್ಲ. ಹೋಗಿ ಅವನ ಪಕ್ಕದಲ್ಲಿ ಕೂತು, ಮೊಣಕೈ ಮೇಲೆ ಕೈ ಇಟ್ಟು, "ಅಯ್ಯೋ ತಮ್ಮಾ, ಹೆಂಗಾತೋ?" ಎಂದೆ, ಕನ್ನಡದಲ್ಲಿ. ಆಮೇಲೆ ಎಚ್ಚರವಾಗಿ ಇಂಗ್ಲಿಷಿನಲ್ಲಿ ಕೇಳಿದೆ. ಅವನ ಹೆಸರೇನು? ನಿನಗಿಂತ ಎಷ್ಟು ಚಿಕ್ಕವನು? ಅವನಿಗೆ ಈಜು ಕಲಿಸಿದವನು ನೀನೇ ಏನು? ಕೇಳುವಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಅದನ್ನು ಒರೆಸಿಕೊಳ್ಳುವುದೂ ಹೊಳೆಯಲಿಲ್ಲ.

ಎಲ್ಲರೂ ನೆಲ ನೋಡುತ್ತಿದ್ದರು. ವಾರ್ಡರ್ ಕೆಮ್ಮಿದ. ಆರ್ಥರ್ "ಬಿಲ್ಲಿ" ಎಂದ. ಮತ್ತೊಮ್ಮೆ ಅದೇ ಹೆಸರು ಹೇಳಲು ಬಾಯಿ ತೆರೆದ, ಆಗಲಿಲ್ಲ. ಸಾಹೇಬರು ಮೆಲ್ಲಗೆ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಕೈದಿಗಳನ್ನು ಮುಟ್ಟುವುದು ನಿಯಮಕ್ಕೆ ವಿರುದ್ಧ ಎಂದು ಹೇಳಿದ್ದೂ ಮೆಲ್ಲಗೆಯೇ.

ಒಡೆದ ಕಿಟಕಿ

ಮರುದಿನ ಬೆಳಿಗ್ಗೆ ಆರ್ಥರ್ ತನ್ನ ಕೋಣೆಯ ಕಿಟಕಿಯ ಗಾಜನ್ನು ಮುಷ್ಟಿಯಿಂದ ಒಡೆದ. ತಡೆಯಲು ಹೋದ ವಾರ್ಡರನನ್ನು ಗೋಡೆಗೆ ನೂಕಿದ. ವರ್ಷಗಟ್ಟಲೆ ಒಂದು ದೊಡ್ಡ ಮಾತು ಆಡದಿದ್ದವನು ಗೂಳಿಯಂತೆ ಕೂಗಿದನಂತೆ. ಅವನನ್ನು ಒಂಟಿ ಕೋಣೆಗೆ ಹಾಕಿದರು. ಬಿಡುಗಡೆಯ ವಿಚಾರಣೆ ಮುಂದಕ್ಕೆ ಹೋಯಿತು.

ಸಾಹೇಬರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ನೀವು ಬಾಗಿಲು ತೆರೆದು ನಿಮ್ಮ ಊರಿಗೆ ಹೋಗುತ್ತೀರಿ. ಆಮೇಲೆ ಅದರೊಳಗಿಂದ ಬರುವುದನ್ನು ನೋಡಿಕೊಳ್ಳಬೇಕಾದವರು ನಾವು" ಎಂದರು. ಅವರ ಮಾತು ಸರಿಯಾಗಿತ್ತು. ಆ ವಾರವೆಲ್ಲ ನಾನು ಗಂಗವ್ವನಿಗೆ ಹೇಳಬೇಕಾದ ಉತ್ತರವನ್ನು ಮನಸ್ಸಿನಲ್ಲಿ ಕಟ್ಟಿಕೊಂಡೆ: ಬೇಡ ತಾಯಿ, ಮುಚ್ಚಿದ್ದನ್ನು ಮುಚ್ಚಿಯೇ ಇಡು, ಅವನು ಅಲ್ಲಿಯೇ ಇರಲಿ.

ಅಷ್ಟರಲ್ಲಿ ಆರ್ಥರ್ ನನ್ನನ್ನು ನೋಡಬೇಕೆಂದು ಕೇಳಿಕೊಂಡ. ವಾರ್ಡರ್ ಬಾಗಿಲಲ್ಲಿ ನಿಂತ, ನಾವು ಮೇಜಿನ ಆಚೆ ಈಚೆ ಕೂತೆವು. ಅವನ ಕೈಗೆ ಬ್ಯಾಂಡೇಜು. ಅವನ ಇಂಗ್ಲಿಷು ಸಾಹೇಬರ ಇಂಗ್ಲಿಷಿನಂತಲ್ಲ. ನಮ್ಮ ಹುನಗುಂದದ ಮಾತನ್ನು ಮೈಸೂರಿನವರು ಕೇಳಿದರೆ ಹೇಗೋ ಹಾಗೆ, ಒರಟು, ಗಂಟುಗಂಟು. ಅದಕ್ಕೆ ಅವನ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅವನ ದನಿ ನನ್ನ ಕಿವಿಯಲ್ಲಿ ಉಳಿದದ್ದೂ ಹಾಗೆಯೇ.

"ನೀವೇನೂ ಮನಸಿಗಿ ಹಚ್ಚಿಕೋಬ್ಯಾಡ್ರಿ," ಎಂದ. "ಇಷ್ಟ ವರ್ಷ ಪಾದ್ರಿ ಬಂದ, ಡಾಕ್ಟರ್ ಬಂದ. ನಿನಗ ಪಶ್ಚಾತ್ತಾಪ ಆಗೇತೇನು ಅಂತ ಕೇಳಿದ್ರು. ಆಗೇತಿ ಅಂದೆ. ಸಾಲ್ಯಾಗ ಮಾಸ್ತರ ಕೇಳಿದ್ರ ಹುಡುಗೂರು ಹೇಳ್ತಾವಲ್ಲ, ಹಂಗ. ನೀ ಒಬ್ಬನ್ನ ಕೊಂದಿ ಅಂತ ಎಲ್ಲಾರೂ ಹೇಳಿದ್ರು. ನಿನ್ನ ತಮ್ಮ ಸತ್ತ ಅಂತ ಒಬ್ಬರೂ ಹೇಳಲಿಲ್ಲ."

ಆಮೇಲೆ ಬಹಳ ಹೊತ್ತು ಬಿಲ್ಲಿಯ ವಿಷಯ ಹೇಳಿದ. ಬಿಲ್ಲಿ ಅಣ್ಣನ ಬೂಟು ಹಾಕಿಕೊಂಡು ಸಂತೆಗೆ ಹೋಗುತ್ತಿದ್ದನಂತೆ, ಕೇಳಿದರೆ ನಿನ್ನದೇ ನನಗೆ ಸರಿಹೊಂದುತ್ತದೆ ಎನ್ನುತ್ತಿದ್ದನಂತೆ. ಹೇಳುತ್ತ ನಕ್ಕ. ನಕ್ಕದ್ದಕ್ಕೆ ತಾನೇ ಹೆದರಿದ. ವಾರ್ಡರ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ನಾನು ಆ ಊರು ಬಿಡುವ ಮೊದಲು ಅವನ ತಾಯಿ ಬಂದು ನೋಡಿಹೋದಳು. ಕೊಲೆಯಾದಾಗಿನಿಂದ ಅವಳು ಬಂದಿರಲಿಲ್ಲ. ಇಬ್ಬರೂ ಇಡೀ ಹೊತ್ತು ಮಾತಿಲ್ಲದೆ ಕೂತಿದ್ದರಂತೆ. ಅವನು ಪೂರ್ತಿ ಸುಧಾರಿಸಿದನೋ, ಮತ್ತೆ ಕೈ ಎತ್ತಲಾರನೋ, ನಾನು ಬಲ್ಲೆನೆಂದರೆ ಸುಳ್ಳಾಗುತ್ತದೆ. ಅಂಚೆಚೀಲಗಳನ್ನು ಮತ್ತೆ ಹೊಲಿಯತೊಡಗಿದ್ದ. ಹೊಲಿಗೆ ಮೊದಲಿನಷ್ಟು ನೆಟ್ಟಗಿಲ್ಲ ಎಂದು ವಾರ್ಡರ್ ದೂರಿದ.

ಕಮತಗಿ ದಾರಿ

ಬಾಗಲಕೋಟೆಯಲ್ಲಿ ಇಳಿದವಳು ಟ್ರಂಕನ್ನು ಮನೆಗೆ ಕಳಿಸಿ ಇಳಕಲ್ಲಿನ ಬಸ್ಸು ಹತ್ತಿದೆ. ಕಮತಗಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಪ್ರಯಾಣಿಕರೆಲ್ಲ ಡ್ರೈವರನಿಗೆ ಬುದ್ಧಿ ಹೇಳುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಇಳಕಲ್ಲಿನ ಮುಸಲ್ಮಾನ ಅಜ್ಜಿ, ಬಣ್ಣಗಾರರ ಮನೆಯವಳು, ನನ್ನ ಊರು, ಕುಲ, ಸಂಬಳ, ಮದುವೆ ಯಾಕೆ ಆಗಲಿಲ್ಲ ಎಂಬುದನ್ನೆಲ್ಲ ಬಸ್ಸು ರಿಪೇರಿಯಾಗುವಷ್ಟರಲ್ಲಿ ಕೇಳಿ ಮುಗಿಸಿದಳು. ಸಿಟ್ಟು ಬರಬೇಕಾದಲ್ಲಿ ನನಗೆ ಹೊಟ್ಟೆ ತುಂಬಿದಂತಾಯಿತು.

ಗುಡೂರಿನಲ್ಲಿ ಗಂಗವ್ವ ಶೇಂಗಾ ಬಿಡಿಸುತ್ತ ಕೂತಿದ್ದಳು. "ಏನ್ ಹೇಳ್ತೀರಿ, ಬಾಯಾರ? ಆಗ್ತಾರೇನು ಮನಶ್ಯಾರು?" ಎಂದಳು. ಹಡಗಿನಲ್ಲಿ ಕಟ್ಟಿಕೊಂಡು ಬಂದ ಉತ್ತರಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನನಗೆ ಗೊತ್ತಾಗಲಿಲ್ಲ ಎಂದೆ. ಗೊತ್ತಿದ್ದದ್ದು ಆರ್ಥರನ ಕಥೆ ಮಾತ್ರ, ಅದನ್ನೇ ಹೇಳಿದೆ, ಕಿಟಕಿ ಒಡೆದದ್ದನ್ನೂ ಬಿಡಲಿಲ್ಲ.

ಅವಳಿಗೆ ಸಿಟ್ಟು ಬಂತು. ಕೈಯಲ್ಲಿದ್ದ ಕಾಯಿಗಳನ್ನು ಬುಟ್ಟಿಗೆ ಎಸೆದಳು. "ಕೊಂದಾವ್ರನ್ನ ಮಾತಾಡ್ಸಿದ್ರ್ಯಾ? ಯಾವ ಸೀಮಿ ನ್ಯಾಯಾರಿ ಇದು? ಮಾತಾಡ್ಸಬೇಕಾದಾವ್ರು ಅವ್ರು. ಇಡೀ ಊರ ಬಂತು, ಹುನಗುಂದದಿಂದ ಮಂದಿ ಬಂದ್ರು, ನಮ್ಮವ್ರ ಜೋಡಿ ಜಗಳಾ ಮಾಡಿದಾವ್ರೂ ಬಂದು ಕುಂತು ಹೋದ್ರು. ನಮ್ಮವ್ರ ಒಡಹುಟ್ಟಿದ ಅಣ್ಣ, ಅವರೊಬ್ರು ಬರಲಿಲ್ಲ!"

ಪೊಲೀಸರ ಕೈಯಲ್ಲಿದ್ದವನು ಹೇಗೆ ಬಂದಾನು ಎಂದು ನಾನು ಕೇಳಲಿಲ್ಲ. ಕೇಳುವ ಮಾತಲ್ಲ ಅದು. ಎಸೆದ ಕಾಯಿಗಳನ್ನು ಮತ್ತೆ ಬಿಡಿಸತೊಡಗಿ ಅವಳೇ ಹೇಳಿದಳು, "ಒಮ್ಮೆ ಬಂದು ಮಾತಾಡ್ಸಿ ಹೋಗ್ಲಿ. ಆಮ್ಯಾಗ ನಾ ಹೂಂ ಅಂತೇನೋ ಉಹೂಂ ಅಂತೇನೋ ನೋಡೂಣು."

ಗುಡೂರು

ನನ್ನ ಜವಾಬ್ದಾರಿಯ ಮೇಲೆ ಹನಮಪ್ಪನಿಗೆ ಸ್ವಲ್ಪ ರಜೆ ಸಿಕ್ಕಿತು. ಒಬ್ಬ ಪೊಲೀಸನ ಜೊತೆಗೆ ಅವನು ಬಸ್ಸಿನಿಂದ ಇಳಿದಾಗ ಬಿಸಿಲು ಏರಿತ್ತು. ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಯಾರೂ ಉಗುಳಲಿಲ್ಲ, ಯಾರೂ ಕರೆಯಲಿಲ್ಲ. ಅವನು ತಮ್ಮನ ಮನೆಯ ಕಟ್ಟೆಯ ತುದಿಗೆ, ನೆಲಕ್ಕೆ ಬೀಳುವಂತೆ ಕೂತ. ನಾನು ನಡುವೆ ಕೂತೆ. ಗಂಗವ್ವ ಒಳಬಾಗಿಲ ಹತ್ತಿರ ಸೆರಗನ್ನು ಹಣೆಯ ಕೆಳಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಗಂಡನ ಅಣ್ಣನ ಜೊತೆ ಹೆಂಗಸು ನೇರವಾಗಿ ಮಾತಾಡುವಂತಿಲ್ಲ. ಭೀಮಪ್ಪ ಬದುಕಿದ್ದಾಗಲೂ ಇವರಿಬ್ಬರು ಮಾತಾಡಿದವರಲ್ಲ.

ಬಂದವರು ಮೊದಲು ಕೇಳಬೇಕು. ಹೆಂಗಾತವ್ವಾ ಎಂದು. ಹನಮಪ್ಪನ ತುಟಿ ಅಲುಗಿದ್ದನ್ನು ನಾನು ನೋಡಿದೆ. ಆ ಮಾತನ್ನು ಲೋಕದಲ್ಲಿ ಎಲ್ಲರೂ ಕೇಳಬಹುದಿತ್ತು, ಅವನೊಬ್ಬನನ್ನು ಬಿಟ್ಟು. ನಾನಿದನ್ನು ಮೊದಲೇ ಯೋಚಿಸಬೇಕಿತ್ತು. ಅವನು ಏಳಲೂ ಆರದೆ ಕೂಡಲೂ ಆರದೆ ಬೆವರುತ್ತಿದ್ದ. ಪೊಲೀಸ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಆಗ ಗಂಗವ್ವ ತಿರುಗಿದಳು. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿ, ಅವನ ಮುಖವನ್ನೇ ನೋಡಿ ಕೇಳಿದಳು. "ನೀವ ಹೇಳ್ರಿ ಭಾವಾ. ಹೆಂಗಾತು?"

ಹನಮಪ್ಪ ಹೇಳಿದ. ಕೋರ್ಟಿನಲ್ಲಿ ಹೇಳದ್ದು, ಜೈಲಿನಲ್ಲಿ ನನ್ನ ಮುಂದೆ ಅತ್ತು ಕರೆದಾಗಲೂ ಹೇಳದ್ದು. ಬದುವಿನ ಕಲ್ಲನ್ನು ತಾನೇ ಸರಿಸಿದ್ದ. ತಮ್ಮ ಅದನ್ನು ನೋಡಿ ನಕ್ಕು, ಅಣ್ಣಾ ಈ ಗೇಣ ಹೊಲದಾಗ ನೀ ಏನ ಬೆಳೀತಿ ಎಂದ. ಆ ನಗುವಿಗೆ ಇವನ ಮೈ ಉರಿಯಿತು. ಹೇಳುವಾಗ ಅವನು ಅಳಲಿಲ್ಲ. ಕಲ್ಲು ಎಳೆಯುವವನಂತೆ ಒಂದೊಂದೇ ಮಾತು ಎಳೆದು ಹಾಕಿದ.

"ಬಿದ್ದ ಮ್ಯಾಲ ಏನಾರ ಅಂದ್ರೇನು?" ಎಂದಳು ಗಂಗವ್ವ.

"ಅಣ್ಣಾ, ನೀರು ಅಂದ."

"ಕೊಟ್ರ್ಯಾ?"

ಅವನು ಸುಳ್ಳು ಹೇಳಲಿ ಎಂದು ನಾನು ಬಯಸಿದೆ. ನಾಚಿಕೆಯಿಲ್ಲದೆ ಬರೆಯುತ್ತೇನೆ, ದೇವರನ್ನು ಬೇಡಿಕೊಂಡೆ. ನೋಡಿದವರು ಯಾರೂ ಇಲ್ಲ. ಕೊಟ್ಟೆ ಎಂಬ ಒಂದು ಮಾತಿಗೆ ಅವನಿಗೆ ಊರು ಸಿಗುತ್ತಿತ್ತು, ಅವಳಿಗೆ ನಿದ್ದೆ ಸಿಗುತ್ತಿತ್ತು.

"ಇಲ್ಲವ್ವಾ," ಎಂದ ಹನಮಪ್ಪ. "ನೀರಿನ ಚರಿಗಿ ಅಲ್ಲೇ ಬನ್ನೀಗಿಡದ ಬುಡಕಿತ್ತು. ನಾ ಓಡಿಹೋದ್ನಿ."

ಗಂಗವ್ವನ ಬಾಯಿಂದ ಹೊರಟ ದನಿಗೆ ಓಣಿಯೇ ಎದ್ದಿತು. ಗಂಡ ಸತ್ತ ದಿನ ಅವಳು ಕಲ್ಲಾಗಿ ಕೂತಿದ್ದಳಂತೆ, ಅಳಲೇ ಇಲ್ಲವಂತೆ. ಈಗ ಎದೆ ಬಡಿದುಕೊಂಡು, ಹಾಡಿಕೊಂಡು, ನೀರು ಕೇಳಿದ ನನ್ನ ಧಣಿಯೇ ಎಂದು ಅತ್ತಳು. ಹನಮಪ್ಪ ಕಟ್ಟೆಗೆ ಹಣೆ ಹಚ್ಚಿ ತಮ್ಮನ ಹೆಸರು ಹಿಡಿದು ಕೂಗುತ್ತಿದ್ದ. ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕೆಲವರು ಅವಳ ಹತ್ತಿರ ಕೂತರು. ಒಬ್ಬ ಮುದುಕಿ ತುಸು ತಡೆದು ನಿಂತು, ಹೋಗಿ ಹನಮಪ್ಪನ ಹತ್ತಿರ ಕೂತಳು.

ಅವನು ಹೋದ ಮೇಲೆ ನಾನು ಗಂಗವ್ವನ ಪಕ್ಕಕ್ಕೆ ಬಂದು ಕೂತೆ. ಅವಳ ಗಂಟಲು ಬಿದ್ದುಹೋಗಿತ್ತು. ಒಪ್ಪಿಗೆಯ ಕಾಗದಕ್ಕೆಂದು ಹೆಬ್ಬೆರಳು ಮುಂದೆ ಚಾಚಿದಳು.

"ಬರ್ಲಿರಿ, ಬಾಯಾರ. ಕ್ಷಮಾ ಗಿಮಾ ನನಗ ತಿಳಿಯೂದಿಲ್ಲ. ನಮ್ಮವ್ರ ಕಡೀ ಮಾತು ಕೇಳಿದಾವ್ರು ಈ ಭೂಮಿ ಮ್ಯಾಲ ಅವರೊಬ್ರ ಅದಾರ."